ಸ್ಕಾಟ್ಲೆಂಡಿನ ಲಕ್ಕಣ್ಣ

ಗುರುಕಿರಣನಿಗೂ ಅವನ ಹೊಟ್ಟೆಕಿಚ್ಚಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಮದ್ದೂರಿನ ಆಚೆಯ ಹಳ್ಳಿಯಲ್ಲಿ ಅವನಿನ್ನೂ ಚಡ್ಡಿ ಹಾಕದೆ ಓಡಾಡುತ್ತಿದ್ದ ಕಾಲದಲ್ಲಿ, ಅವನ ಅವ್ವ ಸಣ್ಣತಾಯಮ್ಮ ಆಗತಾನೆ ಹುಟ್ಟಿದ ಕರುವಿನ ಮೈ ನೇವರಿಸಿ "ನನ್ನ ಚಿನ್ನ" ಅಂದಳೆಂದು ಆ ಬಡಪಾಯಿ ಕರುವಿನ ಬಾಲ ಕಚ್ಚಿದವನು ಅವನು. ಚಿನ್ನ ಎಂಬ ಮಾತು ತನಗೊಬ್ಬನಿಗೇ ಮೀಸಲು ಎಂದು ತಿಳಿದಿದ್ದನಂತೆ. ದೊಡ್ಡವನಾದ ಮೇಲೆ ಕಚ್ಚುವುದನ್ನು ಬಿಟ್ಟ, ಉರಿಯುವುದನ್ನು ಬಿಡಲಿಲ್ಲ. ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಪಕ್ಕದ ರೂಮಿನವನಿಗೆ ಮೀಸೆ ದಟ್ಟವಾಗಿ ಬಂತೆಂದು ಉರಿದ. ಅಮೆರಿಕಕ್ಕೆ ಬಂದ ಮೇಲೆ ಸಾಹುಕಾರರ ಬಡಾವಣೆ ಸರಟೋಗಾದಲ್ಲಿ ಮನೆ ಕೊಂಡವರನ್ನೆಲ್ಲ ನೋಡಿ ಉರಿದ. ಇವೆಲ್ಲ ಊರಿನ ಎಲ್ಲರೂ ಪಡುವ ಹೊಟ್ಟೆಕಿಚ್ಚೇ. ಆದರೆ ಮುನ್ನೂರು ವರ್ಷದ ಹಿಂದಿನ, ಅದೂ ಎಂದೂ ಹುಟ್ಟದ ಗಂಡಸೊಬ್ಬನ ಮೇಲೆ ಹೊಟ್ಟೆಕಿಚ್ಚು ಪಟ್ಟವನು ಇಡೀ ಬೇ ಏರಿಯಾದಲ್ಲಿ ಅವನೊಬ್ಬನೇ ಇದ್ದಾನು.

ಚಿಕ್ಕವನಿದ್ದಾಗ ಅವನಿಗೆ ಇನ್ನೊಂದು ಹೆಸರೂ ಇತ್ತು. ಸಂಜೆ ಜಗುಲಿಯ ಮೇಲೆ ಕೂತು ಸಣ್ಣತಾಯಮ್ಮ ಕಥೆ ಹೇಳುತ್ತಿದ್ದಳು. ಕಥೆಗೆ ಒಂದು ಕಟ್ಟಳೆ ಉಂಟು. ಹೇಳುವವರು ಹೇಳುತ್ತಿದ್ದರೆ ಕೇಳುವವರು ಸಾಲಿಗೊಮ್ಮೆ ಹೂಂಗುಟ್ಟಬೇಕು. ಹೂಂ ನಿಂತಿತೋ, ಕಥೆಯೂ ನಿಂತಿತು. ಕೇಳುವವರು ನಿದ್ದೆ ಹೋದರು, ಇಲ್ಲವೇ ಅವರಿಗೆ ಬೇಡವಾಯಿತು ಎಂದು ಲೆಕ್ಕ. ಬೇಡವಾದವರಿಗೆ ಕಥೆ ಹೇಳಿದರೆ ಹೇಳಿದವರ ಬಾಯಿ ನೋಯುತ್ತದೆ ಎನ್ನುವುದು ಸಣ್ಣತಾಯಮ್ಮನ ನಂಬಿಕೆ. ಓಣಿಯ ಹುಡುಗರೆಲ್ಲ ಒಬ್ಬೊಬ್ಬರಾಗಿ ತೂಕಡಿಸಿ ಬಿದ್ದರೂ ಗುರುಕಿರಣ ಮಾತ್ರ ಕೊನೆಯವರೆಗೆ ಹೂಂ ಹೂಂ ಎನ್ನುತ್ತಿದ್ದ. ಅದಕ್ಕೇ ಅವನನ್ನು ಊಂಗುರು ಎಂದು ಕರೆಯುತ್ತಿದ್ದರು. ಕಥೆಯ ಮೇಲೆ ಆಸೆ ಇತ್ತು, ನಿಜ. ತಾನು ಮಲಗಿದರೆ ಅವ್ವ ಬೇರೆಯವರ ಮಕ್ಕಳಿಗೆ ಹೇಳಿಬಿಟ್ಟಾಳು ಎಂಬ ಉರಿ ಅದಕ್ಕಿಂತ ಹೆಚ್ಚಾಗಿತ್ತು.

ಆ ಊಂಗುರು ತೊಂಬತ್ತೊಂಬತ್ತನೇ ಇಸವಿಯಲ್ಲಿ ಮಾರ್ಗನ್ ಹಿಲ್‌ನ ಬಾಡಿಗೆ ಮನೆಯಲ್ಲಿದ್ದ. ಪಾಲೋ ಆಲ್ಟೋದ ಒಂದು ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಅಂದರೆ ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು. ಹೊಟ್ಟೆಕಿಚ್ಚಿನವನಿಗೆ ಇದಕ್ಕಿಂತ ಒಪ್ಪುವ ಉದ್ಯೋಗ ಇಲ್ಲ, ಸಂಬಳವನ್ನೂ ಕೊಡುತ್ತಾರೆ. ಆ ವರ್ಷವಂತೂ ಲೋಕದ ಕಂಪ್ಯೂಟರುಗಳೆಲ್ಲ ಹೊಸ ವರ್ಷದ ದಿನ ಇಸವಿ ಮರೆತು ನೂರು ವರ್ಷ ಹಿಂದಕ್ಕೆ ಜಾರಿಬಿಡುತ್ತವೆ ಎಂಬ ಹೆದರಿಕೆ. ಹಾಗೆ ಜಾರದಂತೆ ನೋಡಿಕೊಳ್ಳುವುದು ಅವನ ಪಾಲಿಗೆ ಬಂದಿತ್ತು. ಕಂಪನಿ ಇವತ್ತು ನಾಳೆ ಷೇರು ಬಿಡುತ್ತದೆ, ಎಲ್ಲರೂ ಸಾಹುಕಾರರಾಗುತ್ತಾರೆ ಎಂದು ಕ್ಯಾಂಟೀನಿನಲ್ಲಿ ಬೇರೆ ಮಾತೇ ಇರಲಿಲ್ಲ. ಬೆಳಿಗ್ಗೆ ಫ್ರೀವೇಯಲ್ಲಿ ತೆವಳಿಕೊಂಡು ಹೋಗಿ ಸಂಜೆ ತೆವಳಿಕೊಂಡೇ ಬರುವಷ್ಟರಲ್ಲಿ ಅವನಿಗೆ ಬಾಯಿ ಬಿಡಲೂ ಬೇಸರವಾಗುತ್ತಿತ್ತು. ಹೆಂಡತಿ ಏನು ಕೇಳಿದರೂ ಒಂದೇ ಉತ್ತರ: "ನಾಳೆ ನೋಡೋಣ."

ಹೆಂಡತಿ ಬಿಂದುಶ್ರೀ ಚನ್ನರಾಯಪಟ್ಟಣದವಳು. ಮದುವೆಗೆ ಮುಂಚೆ ಅಲ್ಲಿನ ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದಳು. ಇಲ್ಲಿ ಗಂಡನ ವೀಸಾದ ಬಾಲ ಹಿಡಿದು ಬಂದವಳಿಗೆ ಕೆಲಸ ಮಾಡಲು ಅನುಮತಿ ಇಲ್ಲ. ಬಂದ ಹೊಸತರಲ್ಲಿ ಅವಳು ಊಟದ ಹೊತ್ತಿಗೆ ಗಂಡನಿಗೆ ದಿನದ ಸಮಾಚಾರ ಹೇಳುತ್ತಿದ್ದಳು. ಗ್ರೋಸರಿಯಲ್ಲಿ ಒಬ್ಬಳು ಮುದುಕಿ ಹಾಗಲಕಾಯಿಯನ್ನು ಮೂಸಿ ನೋಡಿದ್ದು, ಪಕ್ಕದ ಮನೆಯ ನಾಯಿಗೆ ಹುಟ್ಟುಹಬ್ಬ ಮಾಡಿದ್ದು. ಗುರುಕಿರಣ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದ. ಹೂಂ ಇಲ್ಲ, ಉಹೂಂ ಇಲ್ಲ. ಒಂದು ದಿನ ಅವಳು ಯಾವುದೋ ಮಾತನ್ನು ಅರ್ಧಕ್ಕೇ ನಿಲ್ಲಿಸಿ ಅವನ ಮುಖ ನೋಡಿದಳು. ಅವನು "ಸಾರು" ಎಂದ. ಅವಳು ಸಾರು ಬಡಿಸಿದಳು. ಆ ಅರ್ಧ ಮಾತು ಏನಾಗಿತ್ತು ಎಂದು ಅವನು ಕೇಳಲಿಲ್ಲ, ಅವಳೂ ಮುಂದೆ ಹೇಳಲಿಲ್ಲ. ಮನೆಯಲ್ಲಿ ಗಲಾಟೆ ಇಲ್ಲ, ಹೊಂದಿಕೊಂಡಿದ್ದೇವೆ ಎಂದು ಅವನು ಊರಿಗೆ ಫೋನಿನಲ್ಲಿ ಹೇಳುತ್ತಿದ್ದ.

ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ? ಬಿಂದುಶ್ರೀ ನಡೆದುಕೊಂಡೇ ಲೈಬ್ರರಿಗೆ ಹೋಗತೊಡಗಿದಳು. ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿಗಳನ್ನು ತಂದು ಓದುತ್ತಿದ್ದಳು. ಹೀಗಿರುವಾಗ ಯುಗಾದಿ ಮುಗಿಸಿಕೊಂಡು ಸಣ್ಣತಾಯಮ್ಮ ಆರು ತಿಂಗಳಿಗೆಂದು ಕಿರಿಮಗನ ಮನೆಗೆ ಬಂದಳು. ಬಂದ ವಾರದಲ್ಲೇ ಅವಳಿಗೆ ಕಾಲು ಕಟ್ಟಿಹಾಕಿದಂತಾಯಿತು. ಮಾತಾಡಿಸಲು ಬೀದಿಯಲ್ಲಿ ಜನ ಇಲ್ಲ, ಟೀವಿಯಲ್ಲಿ ಬರುವುದು ತಿಳಿಯುವುದಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಎಲ್ ಟೋರೋ ಗುಡ್ಡ ಕಾಣುತ್ತಿತ್ತು. ಅದರ ಹೆಸರಿಗೆ ಗೂಳಿ ಎಂದು ಅರ್ಥ ಅಂತ ಸೊಸೆ ಹೇಳಿದ್ದರಿಂದ ಆ ಗುಡ್ಡವೊಂದರ ಮೇಲೆ ಮಾತ್ರ ಅವಳಿಗೆ ವಿಶ್ವಾಸ ಹುಟ್ಟಿತು. ಒಂದು ದಿನ ಸೊಪ್ಪು ಸೋಸುತ್ತಾ ಸೊಸೆಯನ್ನು ಕೇಳಿದಳು.

"ಅದೇನವ್ವ, ಒತ್ತಾರೆಯಿಂದ ಅದ್ರೊಳಗೇ ತಲೆ ಇಟ್ಕಂಡಿದ್ದೀಯ?"

"ಕತೆ ಪುಸ್ತಕ ಅತ್ತೆ. ಇಂಗ್ಲಿಷು."

"ಇಂಗ್ಲೀಸ್ನೋರ್ಗೂ ಕತೆ ಇದ್ದಾವಾ? ಏಳು ನೋಡಾನ. ನಾನ್ ಊಂಗುಡ್ತೀನಿ."

ಹಾಗೆ ಶುರುವಾಯಿತು. ಕಥೆ ಸ್ಕಾಟ್ಲೆಂಡಿನದು. ಐಲ್ಸಾ ಎಂಬ ಈಗಿನ ಕಾಲದ ಹೆಂಗಸು ಎಡಿನ್‌ಬರ್ಗಿನ ಉಣ್ಣೆ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಒಂದು ದಿನ ಕಾರು ಕೆಟ್ಟು, ದಟ್ಟ ಮಂಜಿನಲ್ಲಿ ಒಂದು ಹೊಳೆಯ ಕಡವಿಗೆ ಇಳಿದು ದಾಟುತ್ತಾಳೆ. ಆಚೆ ದಡಕ್ಕೆ ಹತ್ತಿದರೆ ಮುನ್ನೂರು ವರ್ಷದ ಹಿಂದಿನ ಕಾಲ. ಕುಲಕುಲಗಳಿಗೆ ಹೊಡೆದಾಟ, ದನಗಳ್ಳತನ, ದೊರೆಯ ಕಡೆಯ ಸೈನಿಕರ ಕಾಟ. ದನದ ಹಿಂಡನ್ನು ಬೆಟ್ಟ ದಾಟಿಸಿ ದಕ್ಷಿಣದ ಸಂತೆಗಳಿಗೆ ಹೊಡೆದುಕೊಂಡು ಹೋಗುವ ಲಾಕ್ಲನ್ ಎಂಬವನು ಅವಳನ್ನು ಕಾಪಾಡುತ್ತಾನೆ. ಮತ್ತೆ ಅದೇ ಕಡವಿನ ಮೇಲೆ ಅಂಥದೇ ಮಂಜು ಇಳಿದ ದಿನ ಮಾತ್ರ ಅವಳು ವಾಪಸು ಬರಬಹುದು. ಲಾಕ್ಲನ್ ಎಂದು ನಾಲಿಗೆ ಹೊರಳದೆ ಸಣ್ಣತಾಯಮ್ಮ ಅವನನ್ನು ಲಕ್ಕಣ್ಣ ಎಂದಳು. ಮಾರನೆಯ ದಿನದಿಂದ ಬಿಂದುಶ್ರೀಗೂ ಅವನು ಲಕ್ಕಣ್ಣನೇ.

ಗುರುಕಿರಣನ ಕಿವಿಗೆ ಆ ಹೆಸರು ಮೊದಲು ಬಿದ್ದದ್ದು ಊಟದ ಹೊತ್ತಿನಲ್ಲಿ. ಅತ್ತೆ ಸೊಸೆ ಮುದ್ದೆ ಮುರಿಯುತ್ತಾ ಅವನ ತಲೆಯ ಮೇಲಿಂದ ಮಾತಾಡಿಕೊಳ್ಳುತ್ತಿದ್ದರು.

"ಅಲ್ಲ ಕನವ್ವ, ಲಕ್ಕಣ್ಣ ಆ ಕಲ್ಬೆಟ್ಟ ಅತ್ತುಸ್ತಾನಲ್ಲ ದನವ, ಲಾಳ ಕಟ್ಸಿದ್ನಾ ಇಲ್ವಾ? ಲಾಳ ಇಲ್ದೆ ಗೊರಸು ಸವ್ದೋಗಕಿಲ್ವಾ?"

"ನಾಳೆ ನೋಡಿ ಹೇಳ್ತೀನಿ ಅತ್ತೆ."

"ಯಾರು ಲಕ್ಕಣ್ಣ?" ಎಂದ ಗುರುಕಿರಣ.

"ಐ, ನಿಂಗೆ ಅವೆಲ್ಲ ಗೊತ್ತಾಗಕಿಲ್ಲ ಬುಡು. ಉಣ್ಣು ನೀನು," ಎಂದಳು ಅವ್ವ.

ಮಾರನೆಯ ದಿನ ಲಕ್ಕಣ್ಣನ ಹಿಂಡಿಗೆ ಲಾಳ ಕಟ್ಟುವವನೂ ಬಂದು ಸೇರಿದ್ದ. ಅವ್ವನ ಮುಖ ಅರಳಿತ್ತು. ಬಿಂದುಶ್ರೀ ನಗುತ್ತಿದ್ದಳು. ಅವಳು ಹಾಗೆ ಹಲ್ಲು ಕಾಣುವಂತೆ ನಗುವುದನ್ನು ಗುರುಕಿರಣ ಮದುವೆಯ ಫೋಟೋದಲ್ಲಿ ನೋಡಿದ್ದು ಬಿಟ್ಟರೆ ಈಗಲೇ. ಮೊದಲು ಚುಚ್ಚಿದ್ದು ಅದು. ಎರಡನೆಯದು, ಹೆಂಡತಿಗೆ ಒಬ್ಬ, ಅವ್ವನಿಗೆ ಒಬ್ಬ ಎಂದು ಬೇರೆಬೇರೆ ಆಳುಗಳ ಮೇಲಾದರೆ ಹಂಚಿ ಉರಿಯಬಹುದಿತ್ತು. ಇಬ್ಬರನ್ನೂ ಒಬ್ಬನೇ ಹೊತ್ತುಕೊಂಡು ಹೋಗಿದ್ದ.

ಸೋಫಾದ ಮೇಲಿದ್ದ ಪುಸ್ತಕವನ್ನು ತಿರುಗಿಸಿ ನೋಡಿದ. ರಟ್ಟಿನ ಮೇಲೆ ಗಾಳಿಗೆ ಕೂದಲು ಹಾರಿಸಿಕೊಂಡು ನಿಂತ ಆಳು. ಮೇಲೆ ಅಂಗಿ ಇಲ್ಲ, ಕೆಳಗೆ ಚೌಕಳಿ ಬಟ್ಟೆ. ತೋಳೋ, ಒನಕೆ. ಗುರುಕಿರಣ ತನ್ನ ಹೊಟ್ಟೆಯನ್ನು ಒಳಕ್ಕೆ ಎಳೆದುಕೊಂಡು, ಎಷ್ಟು ಹೊತ್ತು ಎಳೆದಿಟ್ಟಾನು, ಬಿಟ್ಟ.

"ಮುನ್ನೂರು ವರ್ಷದ ಹಿಂದೆ ಸೋಪೇ ಇರ್ಲಿಲ್ಲ. ಇವನು ಹಲ್ಲುಜ್ತಿದ್ನಾ ಅಂತ ಬರೆದಿದಾರಾ ಇದ್ರಲ್ಲಿ? ಸದಾ ದನದ ಜೊತೆ ಇರೋನು. ಹತ್ರ ಬಂದ್ರೆ ವಾಸನೆ ತಡಿಯೋಕಾಗ್ತಿರ್ಲಿಲ್ಲ."

"ಇದ್ರಲ್ಲೂ ಬಗ್ ಹುಡುಕ್ಬೇಡಿ," ಎಂದಳು ಬಿಂದುಶ್ರೀ. ಪುಸ್ತಕವನ್ನು ಅವನ ಕೈಯಿಂದ ತೆಗೆದುಕೊಂಡು ಓದುತ್ತಿದ್ದ ಪುಟವನ್ನು ಹುಡುಕಿ ಬೆರಳಿಟ್ಟಳು. ಆ ಬೆರಳಿಟ್ಟ ರೀತಿ ಅವನಿಗೆ ಹಿಡಿಸಲಿಲ್ಲ.

ಇಷ್ಟೇ ಆಗಿದ್ದರೆ ನಗುವ ಮಾತು. ಜುಲೈ ತಿಂಗಳಲ್ಲಿ ಬಿಂದುಶ್ರೀ ಒಂದು ಬೆಳಿಗ್ಗೆ, ಅವನು ಬೂಟಿನ ದಾರ ಕಟ್ಟುತ್ತಿದ್ದಾಗ, ಬಾಗಿಲಿಗೆ ಒರಗಿ ನಿಂತು ಹೇಳಿದಳು.

"ಗೌರಿಹಬ್ಬಕ್ಕೆ ಅತ್ತೆ ಹೊರಡ್ತಾರಲ್ಲ. ಅವರ ಜೊತೆ ನಾನೂ ಹೋಗ್ಲಾ?"

"ಎಷ್ಟ್ ದಿನಕ್ಕೆ?"

"ಗೊತ್ತಿಲ್ಲ. ನಮ್ಮ ಹೆಡ್‌ಮಿಸ್ಸು ಮೈಥಿಲಿ ಮೇಡಂ ಫೋನ್ ಮಾಡಿದ್ರು. ಸ್ಕೂಲಲ್ಲಿ ನನ್ನ ಜಾಗ ಖಾಲಿ ಇದೆಯಂತೆ. ಬರ್ತೀಯಾ ಅಂದ್ರು."

ಗುರುಕಿರಣನಿಗೆ ದಾರದ ಗಂಟು ತಪ್ಪಿತು. "ನಾಳೆ ನೋಡೋಣ," ಎಂದು ಕಾರು ಹತ್ತಿದ. ಹೋದರೆ ಅವಳು ತಿರುಗಿ ಬರುವುದಿಲ್ಲ ಎಂದು ಅವನ ಎದೆಗೆ ಫ್ರೀವೇ ತಲುಪುವ ಮುಂಚೆಯೇ ಖಚಿತವಾಗಿತ್ತು. ಅವಳು ವಿಮಾನದ ಟಿಕೆಟು ಮಾಡಿಸಿಕೊಡುವ ಹನುಮಂತರಾಜುಗೆ ಹೇಳಿ ಎರಡು ಸೀಟು ಹಿಡಿಸಿದಳು. ಹಣ ಕಟ್ಟುವವರೆಗೆ ಒಂದನ್ನು ಬಿಟ್ಟುಕೊಡಬಹುದಿತ್ತು.

ಆಗಸ್ಟಿನ ಒಂದು ಶುಕ್ರವಾರ ಆಫೀಸಿನಲ್ಲಿ ಕರೆಂಟು ಹೋಗಿ ಎಲ್ಲರನ್ನೂ ಮಧ್ಯಾಹ್ನವೇ ಮನೆಗೆ ಕಳಿಸಿದರು. ಗುರುಕಿರಣ ಗ್ಯಾರೇಜಿನ ಒಳಬಾಗಿಲಿಗೆ ಕೈ ಹಾಕಿದವನು ಅಡುಗೆಮನೆಯ ಮಾತು ಕೇಳಿ ಹಾಗೆಯೇ ನಿಂತ. ಕದ್ದು ಕೇಳಬೇಕೆಂದು ನಿಂತದ್ದಲ್ಲ. ಆಮೇಲೆ ಮಾತ್ರ ಕದ್ದೇ ಕೇಳಿದ.

"ಐಲ್ಸಾಗೆ ಮನೆ ನೆನಪಾಯ್ತು," ಎನ್ನುತ್ತಿದ್ದಳು ಬಿಂದುಶ್ರೀ.

"ಊಂ."

"ಗಂಡನ ನೆನಪಾಯ್ತು. ಇನ್ಶೂರೆನ್ಸ್ ಆಫೀಸಲ್ಲಿ ಕೆಲಸ ಅವನಿಗೆ. ಕೆಟ್ಟವನಲ್ಲ. ಕುಡಿಯಲ್ಲ, ಹೊಡಿಯಲ್ಲ."

"ಊಂ."

"ಇವಳು ಏನಾದ್ರೂ ಹೇಳೋಕೆ ಹೋದ್ರೆ ನಾಳೆ ನೋಡೋಣ ಅಂತಾನೆ. ಇವಳು ಇಲ್ಲ ಅಂತ ಅವನಿಗೆ ಗೊತ್ತಾಗೋಕೆ ಎಷ್ಟು ದಿನ ಬೇಕಾಗತ್ತೋ, ಅಂತ ಯೋಚನೆ ಮಾಡಿದಳು. ಸಾರು ಮುಗಿದಾಗ ಗೊತ್ತಾಗಬಹುದು ಅಂದ್ಕೊಂಡಳು."

"ಊಂ," ಎಂದಳು ಸಣ್ಣತಾಯಮ್ಮ. ಈ ಸಲದ ಹೂಂ ಸ್ವಲ್ಪ ತಡವಾಗಿ ಬಂತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗುರುಕಿರಣ ಹೆಗಲಷ್ಟೇ ಅಲ್ಲ, ಮೈಯೆಲ್ಲ ಮುಟ್ಟಿ ನೋಡಿಕೊಂಡ. ಇಂಗ್ಲಿಷ್ ಪುಸ್ತಕದಲ್ಲಿ ಅವನು ಹೇಗೆ ಬಂದ? ಒಳಗಡೆ ಕಥೆ ಮುಂದುವರಿದಿತ್ತು. ಲಕ್ಕಣ್ಣ ಬೆಂಕಿಯ ಹತ್ತಿರ ಕೂತು ಐಲ್ಸಾ ಹೇಳುವ ಅವಳ ಕಾಲದ ಸಮಾಚಾರವನ್ನೆಲ್ಲ, ಒಂದೂ ಅರ್ಥವಾಗದಿದ್ದರೂ, ಬೆಳಗಾಗುವವರೆಗೆ ಕೇಳುತ್ತಿದ್ದನಂತೆ. ಅರ್ಥವಾಗದ್ದನ್ನು ಕೇಳಿಸಿಕೊಳ್ಳುವುದು ಯಾವ ದೊಡ್ಡ ಸಾಹಸ ಎಂದು ಗುರುಕಿರಣ ಹಲ್ಲು ಕಡಿದ. ದನ ಕಾಯುವವನಿಗೆ ಬೇರೆ ಕೆಲಸವಾದರೂ ಏನಿತ್ತು? ಮರುದಿನ ಬೆಳಿಗ್ಗೆ ಅವನು ಫ್ರೀವೇ ಹತ್ತಬೇಕಿತ್ತೇ? ಹಾಗೆ ಬೈಯುತ್ತಾ ನಿಂತವನ ಗಂಟಲಿನವರೆಗೆ ಅವನಿಗೇ ತಿಳಿಯದೆ ಒಂದು ಹೂಂ ಬಂದಿತ್ತು. ನುಂಗಿಕೊಂಡ.

ಸೋಮವಾರ ಆಫೀಸಿಗೆ ಹೊರಟವನು ಆ ಪುಸ್ತಕವನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ ಲೈಬ್ರರಿಯ ಗೋಡೆಯಲ್ಲಿ ಪುಸ್ತಕ ವಾಪಸು ಹಾಕಲು ಇಟ್ಟ ಕಂಡಿಯೊಳಗೆ ತಳ್ಳಿಬಿಟ್ಟ. ಲಕ್ಕಣ್ಣ ಒಳಗೆ ದೊಪ್ಪೆಂದು ಬಿದ್ದ ಸದ್ದು ಕೇಳಿ ಹೊಟ್ಟೆಗೆ ತಂಪೆನಿಸಿತು. ಪುಸ್ತಕ ಇಲ್ಲದಿದ್ದರೆ ಕಥೆ ಎಲ್ಲಿಂದ ಬರಬೇಕು? ಆದರೆ ಸಂಜೆ ಮನೆಗೆ ಬಂದರೆ ಅವ್ವ ಚಿಂತೆಯ ಮುಖ ಹೊತ್ತು ಕೂತಿದ್ದಾಳೆ. ಏನವ್ವ ಎಂದು ಕೇಳಿದರೆ, "ಲಕ್ಕಣ್ಣಂಗೆ ಜ್ವರ ಕಣ್ಲಾ. ಮಳೆಲಿ ನೆಂದ್ಬುಟ್ಟ."

ಬಿಂದುಶ್ರೀ ಕಾಫಿ ತಂದು ಕೊಟ್ಟಳು. "ಬುಕ್ಕು ನೀವೇ ವಾಪಸ್ ಹಾಕಿದ್ರಾ? ಒಳ್ಳೇದಾಯ್ತು. ಡ್ಯೂ ಆಗಿತ್ತು. ನಾನು ಓದಿ ಮುಗಿಸಿ ಎಷ್ಟೋ ದಿನ ಆಯ್ತು."

ಗುರುಕಿರಣ ಇಂಗು ತಿಂದ ಮಂಗನಂತೆ ಕಾಫಿ ಕುಡಿದ.

ಈಗ ಅವನಿಗೆ ಒಂದು ವಿಷಯ ತಿಳಿಯಲೇಬೇಕಾಗಿತ್ತು. ಐಲ್ಸಾ ಗಂಡನ ಹತ್ತಿರ ವಾಪಸು ಬರುತ್ತಾಳೋ ಇಲ್ಲವೋ? ಹೆಂಡತಿಯನ್ನು ಕೇಳುವುದು ಅವಮಾನ. ಪಾಲೋ ಆಲ್ಟೋದ ಪುಸ್ತಕದಂಗಡಿಯಲ್ಲಿ ಅದೇ ಪುಸ್ತಕ ಕೊಂಡ. ಆ ರಟ್ಟಿನೊಂದಿಗೆ ಕ್ಯೂನಲ್ಲಿ ನಿಂತಾಗ ಕಿವಿ ಬಿಸಿಯಾಯಿತು. ಊಟದ ಹೊತ್ತಿನಲ್ಲಿ ಪಾರ್ಕಿಂಗಿಗೆ ಹೋಗಿ ಕಾರಿನ ಸೀಟು ಹಿಂದಕ್ಕೆ ಬಾಗಿಸಿ ಓದಿದ. ಒಂದು ದಿನ ಜೊತೆಯಲ್ಲಿ ಕೆಲಸ ಮಾಡುವ ತರುಣ್ ಗಾಜು ಬಡಿದ. ಗುರುಕಿರಣ ಪುಸ್ತಕವನ್ನು ತೊಡೆಯ ಕೆಳಗೆ ತುರುಕಿಕೊಂಡ.

"ಏನ್ ಗುರು, ದಿನಾ ಇಲ್ಲೇ ಮಲಗ್ತೀಯ? ಮನೇಲಿ ಜಗಳಾನಾ?"

"ಇಲ್ಲಪ್ಪ. ಮನೇಲಿ ಮಾತೇ ಇಲ್ಲ, ಜಗಳ ಎಲ್ಲಿಂದ ಬರಬೇಕು," ಎಂದ. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿತು.

ತಪ್ಪು ಹುಡುಕುವವನ ಕಣ್ಣಿನಿಂದ ಅವನು ಸಾಲು ಬಿಡದೆ ಓದಿದ. ಹೊಳೆ ಇತ್ತು, ಮಂಜು ಇತ್ತು, ದನ ಇದ್ದವು. ಲಾಳ ಕಟ್ಟುವವನು ಮಾತ್ರ ಎಲ್ಲೂ ಇರಲಿಲ್ಲ. ಅದಾದರೂ ಹೋಗಲಿ. ಐಲ್ಸಾಗೆ ಮದುವೆಯೇ ಆಗಿರಲಿಲ್ಲ. ಇನ್ಶೂರೆನ್ಸ್ ಆಫೀಸಿಲ್ಲ, ಸಾರಿಲ್ಲ, ನಾಳೆ ನೋಡೋಣ ಇಲ್ಲ. ಅವಳ ಹಿಂದೆ ಯಾರೂ ಇರಲಿಲ್ಲ. ಕೊನೆಗೆ ಕಡವಿನ ಮೇಲೆ ಮಂಜು ಇಳಿದಾಗ ಐಲ್ಸಾ ನೀರಿಗೆ ಬೆನ್ನು ಹಾಕಿ ಲಕ್ಕಣ್ಣನ ಕೈ ಹಿಡಿದು ಬೆಟ್ಟ ಹತ್ತಿ ಹೋಗಿಬಿಡುತ್ತಾಳೆ. ಪುಸ್ತಕ ಮುಗಿಯಿತು. ಗುರುಕಿರಣ ಕಾರಿನಲ್ಲಿ ಎಸಿ ಹಾಕಿಕೊಂಡೂ ಬೆವರಿದ. ಇಷ್ಟು ದಿನ ಲಕ್ಕಣ್ಣ ತನ್ನ ಹೆಂಡತಿಯನ್ನು ಎಳೆಯುತ್ತಿದ್ದಾನೆ ಎಂದುಕೊಂಡಿದ್ದ. ಅವಳನ್ನು ಹಿಂದಿನಿಂದ ನೂಕಿದವನು ಬೇರೆ ಯಾರೋ ಇದ್ದ. ಆ ಗಂಡನನ್ನು ಅವಳು ಎಲ್ಲಿಂದ ತಂದಳು ಎಂದು ಕೇಳಬೇಕಾದ ಅಗತ್ಯವೇ ಇರಲಿಲ್ಲ. ಆದರೂ ಆ ಭಾನುವಾರ ಅವ್ವನನ್ನು ವಾಕಿಂಗಿಗೆ ಕರೆದುಕೊಂಡು ಹೋದಾಗ ಸುಮ್ಮನೆ ಎನ್ನುವಂತೆ ಕೇಳಿದ.

"ಅವ್ವ, ಆ ಕತೆಲಿ ಆ ಹೆಂಗಸಿಗೆ ಗಂಡ ಇದ್ದಾನಾ?"

"ಇದ್ದಾನೆ ಕಣ್ಲಾ. ಮೊದ್ಲು ಇಲ್ಲ ಅಂದ್ಲು. ಅಷ್ಟ್ ದೊಡ್ಡ ಎಣ್ಣಿಗೆ ಗಂಡ ಇಲ್ವಾ, ಎಂಗಾಯ್ತದೆ ಅಂತ ನಾನೇ ಕೇಳ್ದೆ. ಮಾರ್ನೆ ದಿನ ಇದ್ದಾನೆ ಅಂದ್ಲು." ಸಣ್ಣತಾಯಮ್ಮ ಗುಡ್ಡದ ಕಡೆ ನೋಡುತ್ತಾ ನಡೆದಳು. "ನಾನ್ ಕೇಳ್ಬಾರ್ದಾಗಿತ್ತು ಅಂತ ಆಮ್ಯಾಕೆ ಅನ್ನುಸ್ತು. ಅವನ ಸುದ್ದಿ ಬಂದಾಗ್ಲೆಲ್ಲ ನಂಗೆ ಊಂ ಅನ್ನಕೇ ಆಗಕಿಲ್ಲ."

ಅವ್ವನಿಗೆ ಎಷ್ಟು ಗೊತ್ತು ಎಂಬುದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆಯೇ ಉಳಿಯಿತು.

ಹೊರಡುವ ಹಿಂದಿನ ದಿನ ಶನಿವಾರ. ಬೆಳಿಗ್ಗೆಯೇ ಹನುಮಂತರಾಜು ಫೋನು ಮಾಡಿದ್ದ. "ಸಾರ್, ಇವತ್ತು ಸಂಜೆ ಒಳಗೆ ಹೇಳ್ಬಿಡಿ. ಎರಡಾ, ಒಂದಾ? ಆ ಸೀಟಿಗೆ ಬೇರೆಯವರು ಕಾಯ್ತಿದಾರೆ." ಗುರುಕಿರಣ ತಾನೇ ಫೋನು ಮಾಡುವುದಾಗಿ ಹೇಳಿ ಇಟ್ಟ. ಹಾಲ್‌ನಲ್ಲಿ ಎರಡು ಸೂಟ್‌ಕೇಸು ಇದ್ದವು. ಅವ್ವನದು ತುಂಬಿ ಹಗ್ಗ ಬಿಗಿಸಿಕೊಂಡು ನಿಂತಿತ್ತು. ಬಿಂದುಶ್ರೀಯದನ್ನು ಅಟ್ಟದಿಂದ ಇಳಿಸಿ ದೂಳು ಒರೆಸಿ ಇಟ್ಟಿದ್ದರು. ಅದನ್ನು ಯಾರೂ ತೆರೆದಿರಲಿಲ್ಲ, ಯಾರೂ ಎತ್ತಿಡಲೂ ಇಲ್ಲ. ಗುರುಕಿರಣ ಆಚೆ ಈಚೆ ಓಡಾಡುವಾಗಲೆಲ್ಲ ಅದಕ್ಕೆ ಕಾಲು ತಗಲುತ್ತಿತ್ತು. ಹೋಗಬೇಡ ಎಂದು ಹೇಳುವುದು ಸುಲಭ. ಹೇಳಿದರೆ ಅವಳು ಉಳಿದುಕೊಳ್ಳುತ್ತಾಳೆ ಎಂಬುದೂ ಗೊತ್ತಿತ್ತು. ಆ ಹೊಳೆಯ ದಡದಲ್ಲಿ ಕೂತುಕೊಂಡೇ ಉಳಿದುಕೊಳ್ಳುತ್ತಾಳೆ, ಅವಳ ಕಣ್ಣು ಬೆಟ್ಟದ ಮೇಲಿರುತ್ತದೆ.

"ಅರ್ಧ ಕತೆ ಕೇಳ್ಕಂಡು ವಿಮಾನ ಅತ್ತಬಾರ್ದು ಕನವ್ವ," ಎಂದಳು ಸಣ್ಣತಾಯಮ್ಮ ಊಟವಾದ ಮೇಲೆ. "ಇವತ್ತು ಮುಗಿಸ್ಬುಡು."

ಬಿಂದುಶ್ರೀ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತೆಯ ದಾರಿಗೆಂದು ಹುರಿದ ಕಡಲೆಬೀಜದ ಸಿಪ್ಪೆ ಉಜ್ಜುತ್ತಿದ್ದಳು. ಗುರುಕಿರಣ ಬಂದು ಫ್ರಿಜ್ಜಿಗೆ ಬೆನ್ನು ಕೊಟ್ಟು ಕೂತ. ಅವನು ಹೀಗೆ ನೆಲಕ್ಕೆ ಕೂತದ್ದನ್ನು ಕಂಡು ಅವಳು ಒಮ್ಮೆ ತಲೆ ಎತ್ತಿದಳು.

"ಆವತ್ತು ಹೊಳೆ ಮೇಲೆ ಮಂಜು ಇಳೀತು. ಐಲ್ಸಾ ಕಾಯ್ತಿದ್ದ ಮಂಜು."

"ಊಂ," ಎಂದಳು ಸಣ್ಣತಾಯಮ್ಮ.

"ಈ ದಡದಲ್ಲಿ ಲಕ್ಕಣ್ಣ ನಿಂತಿದ್ದ. ಇರು ಅನ್ನಲಿಲ್ಲ, ಹೋಗು ಅಂತಾನೂ ಅನ್ನಲಿಲ್ಲ. ಅವಳು ನಡುಗ್ತಿದ್ದಳು ಅಂತ ಕಂಬಳಿ ಹೊದಿಸಿದ."

"ಊಂ."

ಗುರುಕಿರಣನ ಹೊಟ್ಟೆಯಲ್ಲಿ ಕೆಂಡ ಹೊರಳಿತು. ಕಂಬಳಿ ಪುಸ್ತಕದಲ್ಲಿರಲಿಲ್ಲ. ಅದನ್ನೂ ಇವಳೇ ಕೊಟ್ಟಿದ್ದಳು.

"ಆ ದಡ ಕಾಣ್ತಿರಲಿಲ್ಲ. ಅಲ್ಲಿ ಅವಳ ಗಂಡ ಬಂದಿದಾನೋ ಇಲ್ವೋ ಗೊತ್ತಿಲ್ಲ. ಹುಡುಕ್ಕೊಂಡು ಬಂದಿರಬಹುದು. ಆಫೀಸಲ್ಲೂ ಇರಬಹುದು."

ಹೂಂ ಬರಲಿಲ್ಲ. ಸಣ್ಣತಾಯಮ್ಮ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಿಸಿ ಬಾಯಿ ತುಂಬ ಹಾಕಿಕೊಂಡಿದ್ದಳು. ಅವಳು ಅಗಿಯುತ್ತಾ ಕಿಟಕಿಯ ಗುಡ್ಡ ನೋಡುತ್ತಿದ್ದಳು. ಬಿಂದುಶ್ರೀ ಕಾದಳು. ಕಡಲೆಬೀಜ ಉಜ್ಜುವ ಕೈ ನಿಂತಿತು. ಕಟ್ಟಳೆ ಎಂದರೆ ಕಟ್ಟಳೆ, ಹೂಂ ಇಲ್ಲದೆ ಕಥೆ ಮುಂದಕ್ಕೆ ಹೋಗುವಂತಿಲ್ಲ. ಐಲ್ಸಾ ಅಲ್ಲೇ, ನೀರಿಗೂ ಬೆಟ್ಟಕ್ಕೂ ನಡುವೆ, ಕಂಬಳಿ ಹೊದ್ದು ನಿಂತುಬಿಟ್ಟಳು. ಈ ಪುಟದ ಮುಂದಿನ ಪುಟದಲ್ಲಿ ಏನಿದೆ ಎಂದು ಆ ಮನೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ಬಿಂದುಶ್ರೀ ಗಂಡನ ಕಡೆ ನೋಡಲಿಲ್ಲ. ಸಾರಿನ ದಿನ ನೋಡಿದ್ದಳು, ಮತ್ತೆ ನೋಡುವುದಿಲ್ಲ ಎಂದು ಅವಳ ಬಗ್ಗಿದ ತಲೆಯಿಂದಲೇ ತಿಳಿಯುತ್ತಿತ್ತು.

ಜಗುಲಿಯ ಮೇಲೆ ಎಲ್ಲ ಹುಡುಗರೂ ಮಲಗಿದ ಮೇಲೂ ಒಬ್ಬನೇ ಎಚ್ಚರವಿರುತ್ತಿದ್ದವನು ಎಷ್ಟು ವರ್ಷದಿಂದ ನಿದ್ದೆ ಹೋಗಿದ್ದನೋ.

"ಹ್ಞೂಂ," ಎಂದ.

ಅದು ಹೂಂನಂತೆ ಇರಲಿಲ್ಲ, ಗಂಟಲಿಗೆ ಏನೋ ಸಿಕ್ಕಿಕೊಂಡಂತಿತ್ತು. ಬಿಂದುಶ್ರೀ ತಲೆ ಎತ್ತಲಿಲ್ಲ. ಒಂದು ಹಿಡಿ ಕಡಲೆಬೀಜ ಉಜ್ಜಿ, ಆಮೇಲೆ ಹೇಳಿದಳು.

"ಆ ದಡದಿಂದ ಯಾರೋ ಹ್ಞೂಂ ಅಂದ ಹಾಗಾಯ್ತು ಐಲ್ಸಾಗೆ. ಮಂಜಲ್ಲಿ ಯಾರು ಅಂತ ಕಾಣಲಿಲ್ಲ. ಒಂದು ಸಲ ಅಂದ್ರೆ ನಂಬೋಕಾಗತ್ತಾ? ಗಾಳಿ ಇರಬಹುದು ಅಂತ ಸುಮ್ಮನೆ ನಿಂತಳು."

"ಹ್ಞೂಂ."

"ನಿಂತೇ ಇದ್ದಳು."

"ಹ್ಞೂಂ."

"ಆಮೇಲೆ ಲಂಗ ಎತ್ತಿ ಕಟ್ಕೊಂಡು ನೀರಿಗೆ ಇಳಿದಳು. ಮೊಣಕಾಲವರೆಗೆ ನೀರು ಬಂತು. ಅಲ್ಲಿ ನಿಂತು ಹಿಂದಕ್ಕೆ ತಿರುಗಿ ನೋಡಿದಳು."

ಯಾಕೆ ತಿರುಗಿದಳು ಎಂದು ಕೇಳಲು ಗುರುಕಿರಣನ ನಾಲಿಗೆ ತುದಿಗೆ ಬಂದಿತ್ತು. ಕೇಳುವವರು ಹಾಗೆ ನಡುವೆ ಬಾಯಿ ಹಾಕಬಾರದು. "ಹ್ಞೂಂ," ಎಂದ.

"ತಿರುಗಿ ನೋಡಿದಳು, ಆದ್ರೆ ಕಾಲು ಮುಂದಕ್ಕೇ ಇಟ್ಟಳು. ಆ ದಡದಲ್ಲಿರೋನು ಹ್ಞೂಂ ಅಂತಾನೇ ಇರಬೇಕು ಅಷ್ಟೆ. ನಿಲ್ಲಿಸಿದ್ರೆ ದಾರಿ ತಪ್ಪತ್ತೆ. ಮಂಜು." ಅವಳು ಕಡಲೆಬೀಜದ ಸಿಪ್ಪೆಯನ್ನು ಉಫ್ ಎಂದು ಊದಿದಳು. "ರೀ, ಹನುಮಂತರಾಜುಗೆ ಫೋನ್ ಮಾಡಿ. ಒಂದೇ ಟಿಕೆಟ್ ಅನ್ನಿ. ಕತೆ ಇನ್ನೂ ಇದೆ, ಬೇಗ ಬನ್ನಿ."

ಗುರುಕಿರಣ ಎದ್ದು ಹೋಗಿ ಫೋನು ಮಾಡಿ, ಬಂದು ಫ್ರಿಜ್ಜಿಗೆ ಒರಗಿ ಅದೇ ಜಾಗದಲ್ಲಿ ಕೂತ. ಸಣ್ಣತಾಯಮ್ಮ ಎದ್ದು ಸಿಂಕಿಗೆ ಎಲೆ ಉಗಿದು ಬಾಯಿ ತೊಳೆದುಕೊಂಡಳು.

"ಎಲ್ಲ ಸರಿ ಕನವ್ವ. ಲಕ್ಕಣ್ಣನ ಗತಿ ಏನಾಯ್ತು? ಪಾಪ, ಒಳ್ಳೆ ಆಳು."

"ಅವನು ದನ ಹೊಡ್ಕೊಂಡು ಬೆಟ್ಟ ಹತ್ತಿದ ಅತ್ತೆ," ಎಂದಳು ಬಿಂದುಶ್ರೀ. "ಒಬ್ಬನೇ. ಕಂಬಳಿ ಇವಳ ಹತ್ರಾನೇ ಉಳೀತು."

ಅವಳು ದುಪಟ್ಟಾದ ಅಂಚಿನಿಂದ ಕಣ್ಣೊರೆಸಿಕೊಂಡಳು. ಆ ಕಣ್ಣೀರು ಯಾರಿಗಾಗಿ ಎಂದು ಗುರುಕಿರಣನಿಗೆ ಚೆನ್ನಾಗಿ ಗೊತ್ತಿತ್ತು. ಹೊಟ್ಟೆ ಧಗಧಗ ಉರಿಯುತ್ತಿತ್ತು. ಕರುವಿನ ಬಾಲ ಕಚ್ಚಿದ ದಿನವೂ ಅಷ್ಟು ಉರಿದಿರಲಿಲ್ಲ.

"ಹ್ಞೂಂ," ಎಂದ.